ಡಿಸಿಯನ್ನು ಎಸಿ ಮಾಡುವ ಡಬ್ಬಿ

ಕೆಲವು ವಸ್ತುಗಳನ್ನು ಯಾರಿಗೂ ಏನೂ ಹೇಳದೆ ಕೊಳ್ಳಬಹುದು. ಬಾಚಣಿಗೆ ಕೇಳಿದರೆ ಅಂಗಡಿಯವರು ಕೂದಲೆಷ್ಟು ಉಳಿದಿದೆ ಎಂದು ಕೇಳುವುದಿಲ್ಲ. ಕೊಡೆ ಕೇಳಿದರೆ ಮಳೆಯಲ್ಲಿ ಎಲ್ಲಿಗೆ ಹೊರಟಿದ್ದೀರಿ ಎನ್ನುವುದಿಲ್ಲ. ನನ್ನ ವಿಷಯ ನನ್ನಲ್ಲೇ ಇರಲಿ ಎನ್ನುವ ನನ್ನಂಥವರಿಗೆ ಇಂಥ ಅಂಗಡಿಗಳೇ ಸುಖ. ಕಂಪ್ಯೂಟರಿಗೆ ಯುಪಿಎಸ್ ಕೊಳ್ಳುವುದು ಮಾತ್ರ ಹಾಗಲ್ಲ. ಅದಕ್ಕೆ ವೈದ್ಯರ ಮುಂದೆ ಕುಳಿತಂತೆ ಎಲ್ಲವನ್ನೂ ಹೇಳಿಕೊಳ್ಳಬೇಕು.

ಮೇಲವಂಕಿಯಲ್ಲಿ ಕರೆಂಟು ಹೋದರೆ ಅದು ಸುದ್ದಿಯಲ್ಲ. ಇಡೀ ದಿನ ಇದ್ದರೆ ಮಾತ್ರ ನಮ್ಮ ಓಣಿಯ ಮಂದಿ ಯಾಕಿದ್ದೀತು ಎಂದು ಚಿಂತಿಸುತ್ತಾರೆ. ಕಂಪ್ಯೂಟರಿಗೆ ಈ ಸಮಾಧಾನ ಬಂದಿರಲಿಲ್ಲ. ಅದರ ಹಳೆಯ ಯುಪಿಎಸ್ ಒಮ್ಮೆ ಕುಂಯ್ ಎಂದು ಕೂಗಿ, ಕಂಪ್ಯೂಟರಿನ ಜೊತೆಗೇ ಕಣ್ಣು ಮುಚ್ಚುತ್ತಿತ್ತು. ಹೇಗೋ ನಡೆಯುತ್ತಿತ್ತು. ಆದರೆ ಒಂದು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುವ ಕೆಲಸಕ್ಕೆ ನನ್ನನ್ನು ಆನ್‌ಲೈನ್ ಸಂದರ್ಶನಕ್ಕೆ ಕರೆದರು. ಓದು ಮುಗಿಸಿ ಮನೆಯಲ್ಲಿ ಕುಳಿತ ಮೇಲೆ ಬಂದ ಮೊದಲ ಕರೆ ಅದು. ನಡುವೆ ಕರೆಂಟು ಹೋದರೆ ಕೆಲಸವೂ ಹೋದಂತೆಯೇ. ಈ ವಿಷಯವನ್ನು ಅವ್ವನಿಗೂ ಹೇಳಲಿಲ್ಲ. ಹೇಳಿದರೆ ಓಣಿಗೆಲ್ಲ ಹೇಳಿದಂತೆ. ಕೆಲಸ ಸಿಗದೆ ಹೋದರೆ ಮರುಗುತ್ತ ಬರುವ ಪ್ರತಿಯೊಬ್ಬರನ್ನೂ ಮತ್ತೆ ನಾನೇ ಸಮಾಧಾನ ಮಾಡಬೇಕು.

ಗೋಕಾಕದ ಅಂಗಡಿಗೆ ಕಾಕಾ ತಮ್ಮ ಬೈಕಿನಲ್ಲಿ ಕರೆದೊಯ್ದರು. ಅಂಗಡಿಯವರು ವಿಚಾರಣೆ ಶುರುಮಾಡಿದರು. “ಏನೇನ ಹಚ್ಚತೀರಿ ಅಕ್ಕಾರ ಇದಕ್ಕ?” ಕಂಪ್ಯೂಟರ್, ಎಂದೆ. “ಮತ್ತೇನ್ರಿ?” ಮತ್ತೇನಿಲ್ಲ. “ಕರೆಂಟ್ ಹೋದ ಮ್ಯಾಲೆ ಬಂದ್ ಮಾಡಾಕ ಟೈಮ್ ಸಿಕ್ರ ಸಾಕೋ, ಕೆಲಸ ನಡೀಬೇಕೋ?” ನಡೆಯಬೇಕು. “ಅಂಥಾದ್ದೇನ್ ಕೆಲಸರಿ?” ನಾನು ಗೋಡೆಯ ಮೇಲಿನ ಫ್ಯಾನುಗಳನ್ನು ನೋಡತೊಡಗಿದೆ. ಅವರು ಬೇಸರಪಡದೆ ವಿವರಿಸಿದರು. ನನ್ನ ಕಂಪ್ಯೂಟರಿನೊಳಗಿನ ಪವರ್ ಸಪ್ಲೈ ಹೊಸ ತರಹದ್ದು, ಅಗ್ಗದ ಯುಪಿಎಸ್ ಕೊಡುವ ಒರಟು ಕರೆಂಟು ಅದಕ್ಕೆ ಸೇರುವುದಿಲ್ಲ. “ಎರಡೂ ಒಂದಕ್ಕೊಂದು ಹೊಂದಬೇಕ್ರಿ. ಬ್ಯಾಟರಿ ಒಳಗ ಇರೂದು ಡಿಸಿ. ಅದನ್ನ ಇದು ಚಲೋತಂಗ ಎಸಿ ಮಾಡಿ ಕೊಡತೈತಿ.”

ಅಲ್ಲಿಯವರೆಗೆ ಸುಮ್ಮನಿದ್ದ ಕಾಕಾ ಒಮ್ಮೆಲೆ ಎಚ್ಚೆತ್ತರು. “ಏನ್ರಿ, ಡಿಸಿನ್ನ ಎಸಿ ಮಾಡತೈತಿ? ಜಿಲ್ಲಾಕ್ಕ ದೊಡ್ಡ ಸಾಹೇಬರನ್ನ ಹಿಡದು ಅವರ ಕೈ ಕೆಳಗಿನ ಸಾಹೇಬರನ್ನ ಮಾಡೂ ಡಬ್ಬಿ ಅನ್ರಿ! ಸರಕಾರದವ್ರಿಗೂ ಇಷ್ಟು ಲಗೂನ ಆಗೂದಿಲ್ಲಲ್ರಿ!”

ತಮ್ಮ ನಗೆಚಾಟಿಕೆಗೆ ತಾವೇ ಮನಸೋತ ಕಾಕಾ ಅದನ್ನು ಊರಿನ ಚಾದಂಗಡಿಯಲ್ಲಿ ಹಂಚಿದರು. ಮದುವೆಯ ವಯಸ್ಸಿಗೆ ಬಂದ ಹುಡುಗಿ, ಗೋಕಾಕಕ್ಕೆ ಹೋಗಿದ್ದು, ಹೊಂದಬೇಕು ಎಂದದ್ದು, ಎಸಿ, ಡಿಸಿ. ಓಣಿಗೆ ಇಷ್ಟು ಸಾಮಾನು ಸಾಕಾಯಿತು. ಮಾತು ನಮ್ಮ ಬಾಗಿಲಿಗೆ ತಿರುಗಿ ಬರುವ ಹೊತ್ತಿಗೆ, ನನಗೆ ಗಂಡನಾಗಿ ಎಸಿ ಸಾಹೇಬರೇ ಬೇಕಂತೆ, ಡಿಸಿ ಬಂದರೂ ಒಲ್ಲೆನಂತೆ ಎಂದಾಗಿತ್ತು.

ಎದುರು ಮನೆಯ ಕಲ್ಲವ್ವಾಯಿ ತಡಮಾಡಲಿಲ್ಲ. “ಯವ್ವಾ, ಯಮಕನಮರಡ್ಯಾಗ ನಮ್ಮ ತಮ್ಮನ ಮೊಮ್ಮಗ ಅದಾನ. ಎಸಿ ಅಲ್ಲ ಖರೆ. ಎಸಿ ರಿಪೇರಿ ಮಾಡತಾನ. ಸಾಹೇಬರ ಕುರ್ಚಿ ಇಂದಲ್ಲ ನಾಳಿ ಹೋಗತೈತಿ, ರಿಪೇರಿ ಎಲ್ಲಿ ಹೋಗತೈತಿ ಹೇಳು?” ಅವ್ವ ಸೆರಗಿನಲ್ಲಿ ನಗು ಒರೆಸಿಕೊಂಡು ನನ್ನತ್ತ ತಿರುಗಿದಳು. “ಅಲ್ಲ, ಆ ಡಬ್ಬಿದು ಅಷ್ಟ ಅವಸರ ಏನಿತ್ತ ನಿನಗ?” ನಿಜ ಹೇಳಿದರೆ ಸಂದರ್ಶನದ ವಿಷಯವೂ ಹೊರಬರುತ್ತದೆ. ಎರಡನ್ನೂ ತೂಗಿ ನೋಡಿದೆ. ಎಸಿ ಸಾಹೇಬರನ್ನು ಬಯಸಿದವಳೆಂಬ ಹೆಸರೇ ಕಡಿಮೆ ಅಪಾಯದ್ದೆನಿಸಿತು. “ವಿಚಾರ ಮಾಡತೇನಿ, ಆಯಿ” ಎಂದುಬಿಟ್ಟೆ.

ಸಂದರ್ಶನದ ದಿನ ಕೋಣೆಯ ಬಾಗಿಲು ಮುಚ್ಚಿ ಕುಳಿತೆ. ಪರದೆಯ ಮೇಲೆ ಇಬ್ಬರು ಮೇಡಂ, ನಡುವೆ ಕನ್ನಡಕದ ಸರ್. “ಒಂದನ್ನೊಂದು ಅವಲಂಬಿಸಿದ ಎರಡು ಘಟನೆಗಳಿಗೆ ಉದಾಹರಣೆ ಕೊಡಿ” ಎಂದರು ಸರ್. ಅಷ್ಟರಲ್ಲಿ ಕರೆಂಟು ಹೋಯಿತು. ಯುಪಿಎಸ್ ಮಾತು ಉಳಿಸಿಕೊಂಡಿತು, ಕಂಪ್ಯೂಟರು ಕಣ್ಣು ಮಿಟುಕಿಸಲಿಲ್ಲ. ನಾನು ಹೆಮ್ಮೆಯಿಂದ ಬಾಯಿ ತೆರೆದೆ. ಸರ್ ಮಾತ್ರ ಕೈ ಎತ್ತಿದ್ದವರು ಎತ್ತಿದಂತೆಯೇ ನಿಂತಿದ್ದರು. ಬಾಗಿಲು ತೆರೆದು ನೋಡಿದರೆ, ನಡುಮನೆಯ ಮೂಲೆಯಲ್ಲಿ ಇಂಟರ್‌ನೆಟ್ಟಿನ ಪೆಟ್ಟಿಗೆ ದೀಪ ಆರಿ ಕುಳಿತಿತ್ತು. ಅದಕ್ಕೂ ಕರೆಂಟು ಬೇಕೆಂಬುದು ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್‌ಸಿ. ಮಾಡಿದವಳಿಗೆ ಹೊಳೆದಿರಲಿಲ್ಲ.

ನನ್ನ ಮೊಬೈಲಿಗೆ ಮನೆಯೊಳಗೆ ನೆಟ್‌ವರ್ಕ್ ಸಿಗುವುದಿಲ್ಲ. ಕಲ್ಲವ್ವಾಯಿಯ ಫೋನಿನಲ್ಲಿ ಮಾತ್ರ ಧಾರಾವಾಹಿಗಳು ಎಂದೂ ನಿಂತದ್ದಿಲ್ಲ. ಓಡಿದೆ. ತೂಗಿ ಆಡುವಷ್ಟು ಹೊತ್ತಿರಲಿಲ್ಲ, ಬಾಯಿಗೆ ಬಂದದ್ದನ್ನು ಅಂದೆ. “ಆಯಿ, ನಿನ್ನ ಫೋನ್ ಬೇಕು, ಲಗೂನ ಬಾ! ಕಂಪ್ಯೂಟರ್‌ನ್ಯಾಗ ಮೂರ ಮಂದಿ ನನ್ನ ನೋಡಾಕ ಕುಂತಾರ!”

ನೋಡಾಕ ಎಂಬ ಮಾತಿಗೆ ನಮ್ಮ ಓಣಿಯಲ್ಲಿ ಒಂದೇ ಅರ್ಥ. ಆಯಿ ತಲೆಯ ಮೇಲೆ ಸೆರಗು ಎಳೆದುಕೊಂಡೇ ಬಂದಳು. ಫೋನು ಕೈಬಿಟ್ಟು ಕೊಡುವವಳಲ್ಲ. ಅದನ್ನು ವೈರಿನಿಂದ ಕಂಪ್ಯೂಟರಿಗೆ ಜೋಡಿಸಿದಾಗ ವೈರಿನ ಉದ್ದದೊಳಗೆ, ನನ್ನ ಪಕ್ಕದಲ್ಲೇ, ಪರದೆಯ ಎದುರಿಗೇ ಕುಳಿತಳು. ಸರ್ ಮತ್ತೆ ಕದಲಿದರು. “ನಮಸ್ಕಾರ್ರಿ” ಎಂದು ಆಯಿ ನನಗಿಂತ ಮೊದಲೇ ಕೈಮುಗಿದಳು. ಅಡಗಿಸಲು ಇನ್ನೇನೂ ಉಳಿದಿರಲಿಲ್ಲ. “ಉದಾಹರಣೆ, ಸರ್: ನಮ್ಮ ಓಣಿಯ ಕರೆಂಟು ಮತ್ತು ನನ್ನ ಇಂಟರ್‌ನೆಟ್ಟು. ಎರಡೂ ಬೇರೆ ಬೇರೆ ಎಂದುಕೊಂಡಿದ್ದೆ, ತಪ್ಪು. ಈಗ ನೀವು ನನಗೆ ಕಾಣುತ್ತಿರುವುದು ಇವರ ಫೋನಿನಿಂದ” ಎಂದೆ. ಮೂವರೂ ನಕ್ಕರು. ಆಮೇಲಿನ ಪ್ರಶ್ನೆಗಳಿಗೆ, ನನಗೇ ಆಶ್ಚರ್ಯವಾಗುವಷ್ಟು, ನಾನು ಬಾಯಿ ಬಿಟ್ಟು ಮಾತಾಡಿದೆ.

ಪರದೆ ಖಾಲಿಯಾದ ಮೇಲೆ ಆಯಿ ತೀರ್ಪು ಕೊಟ್ಟಳು. “ಬಾಜೂಕಿನ ಹೆಣ್ಣಮಕ್ಕಳು ಚಲೋ ಮನಸಿನವ್ರು. ನಡುವಿನಾಂವನ ಮೋತಿ ಲಕ್ಷಣ ಐತಿ. ಆದ್ರ ವಯಸ್ಸ ಭಾಳ ಆಗೇತಲ್ಲ ತಂಗಿ!”

ಕೆಲಸ ಸಿಕ್ಕಿತು. ಅವ್ವನಿಗೆ, ಕಾಕಾನಿಗೆ, ಹೊರಗೆ ಬಾಯಿ ಬಿಡುವುದಿಲ್ಲವೆಂದು ಆಣೆ ಹಾಕಿಸಿ ಹೇಳಿದೆ. ಬೇರೆ ಯಾರಿಗೂ ಹೇಳಿಲ್ಲ. ಕಲ್ಲವ್ವಾಯಿ ಮಾತ್ರ ಮನೆಮನೆಗೆ ಹೋಗಿ, “ನಮ್ಮ ಹುಡುಗಿ ಆ ಮಂದಿಗೆ ಮನಸಿಗೆ ಬಂದ್ಲು, ನನ್ನ ಫೋನ್‌ನ್ಯಾಗ” ಎಂದು ಸಕ್ಕರೆ ಹಂಚಿದಳಂತೆ. ತಿದ್ದಲು ಎರಡು ಸಲ ಹೊಸಿಲವರೆಗೆ ಹೋಗಿ ತಿರುಗಿ ಬಂದೆ. ತಿದ್ದಿದರೆ ಮುಂದಿನ ಪ್ರಶ್ನೆ ಪಗಾರ ಎಷ್ಟು ಎಂಬುದು. ಅದಕ್ಕಿಂತ ಕಾಣದ ಗಂಡನೊಬ್ಬನಿರುವುದೇ ವಾಸಿ.