ಲಿವರ್ ಬಂದೂಕಿನ ಶಿಕಾರಿಗಳು, ಶೇಂಗಾ ಗದ್ದೆಯ ಮಂಗಗಳು

ಹುಲಿ ಹೊಡೆದವನ ಹತ್ತಿರ ಇರುವುದು ಒಂದೇ ಕತೆ. ಏನೂ ಹೊಡೆಯದವನ ಹತ್ತಿರ ಎಷ್ಟು ಬೇಕಾದರೂ ಕತೆ. ನಾನು ಎರಡನೇ ಪಂಗಡದವನು. ಮನೆಯಲ್ಲಿ ಬಂದೂಕು ಇರುವವರೆಗೂ ನನಗೆ ಇಂಥ ಕತೆಗಳು ಆಗುತ್ತಲೇ ಇರುತ್ತವೆ.

ಬಂದೂಕು ಅಜ್ಜನದು. ಅಮೆರಿಕದ ಲಿವರ್ ರೈಫಲ್. ಟ್ರಿಗರಿನ ಹಿಂದೆ ಬಳೆಯಂಥ ಒಂದು ಕಬ್ಬಿಣದ ಹಿಡಿಕೆ, ಅದೇ ಲಿವರ್. ಅದನ್ನು ಕೆಳಗೆ ದೂಡಿ ಮೇಲೆಳೆದರೆ ಒಳಗಿದ್ದ ತೋಟಾ ಹೊರಗೆ ಹಾರಿ ಹೊಸದು ಬಂದು ಕೂರುತ್ತದೆ. ಇದಕ್ಕೆ ಲೈಸೆನ್ಸು ಇರುವುದು ಬೆಳೆ ಕಾಯಲು. ಮಂಗ ಬಂದರೆ ಆಕಾಶಕ್ಕೆ ಹಾರಿಸಿ ಓಡಿಸಬಹುದು, ಅಷ್ಟೇ. ನನ್ನದು ಆಕಾಶಕ್ಕೂ ಗುರಿ ತಪ್ಪುತ್ತದೆ ಎಂದು ನನ್ನ ಹೆಂಡತಿ ಅಂಕೋಲೆಯ ಮೀನುಪೇಟೆಯವರೆಗೂ ಹೇಳಿ ಬಂದಿದ್ದಾಳೆ.

ಈ ಸಲ ಶೇಂಗಾ ಬಿತ್ತಿದ ದಿನವೇ ಅವಳು ತೀರ್ಪು ಕೊಟ್ಟಳು.

"ಈ ವರ್ಷವೂ ಶೇಂಗಾ ಮಂಗನ ಹೊಟ್ಟೆಗೆ ಹೋದ್ರೆ ಬಂದೂಕು ಮನೇಲಿ ಇರೂದಿಲ್ಲ. ಠಾಣೆಗೇ ಕೊಟ್ಟು ಕೈ ತೊಳ್ಕಂಡು ಬನ್ನಿ."

ಅಜ್ಜನ ಬಂದೂಕು! ಅದು ಹೋದರೆ ಮದುವೆ ಮನೆಯಲ್ಲಿ ನನಗೆ ಕುರ್ಚಿ ಎಳೆದು, "ಶಿಕಾರಿಯವರೇ, ಒಂದು ಕತೆ ಹೇಳಿ" ಎನ್ನುವವರು ಯಾರು?

ಹಾರಿದ್ದು ಒಂದೇ

ಶೇಂಗಾ ಕಾಯಿ ಕಟ್ಟುವ ಹೊತ್ತಿಗೆ ಮಂಗಗಳ ಮೊದಲ ದಂಡು ಇಳಿಯಿತು. ಬೆಳಗಿನ ದೋಸೆ ಅರ್ಧಕ್ಕೇ ಬಿಟ್ಟು, ಬಂದೂಕು ತುಂಬಿಕೊಂಡು ಓಡಿದೆ. ಒಂದು ದೊಡ್ಡ ಗಡವ ಮಂಗ ಗದ್ದೆಯಂಚಿನ ಮಣ್ಣಿನ ಹಾಳಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ನಮ್ಮ ಶೇಂಗಾ ಸುಲಿಯುತ್ತಿತ್ತು.

ನಾನು ಬಂದೂಕು ಆಕಾಶಕ್ಕೆತ್ತಿ ಲಿವರ್ ಎಳೆದೆ. ಚಕ್-ಚಕ್! ಮತ್ತೆ ಎಳೆದೆ. ಚಕ್-ಚಕ್! ಆವೇಶ ಬಂದಾಗ ನಮ್ಮ ಮನೆತನದವರ ಕೈ ನಿಲ್ಲುವುದಿಲ್ಲ. ಬಂದೂಕು ಖಾಲಿಯಾಯಿತು. ಗಡವ ಕೂತಲ್ಲಿಂದ ಅಲುಗಲಿಲ್ಲ.

"ಎಷ್ಟು ಗುಂಡು ಹಾರಿಸಿದ್ರೂ ಹೆದರೂದಿಲ್ಲ ಕಣೇ! ಇದು ಸಾಮಾನ್ಯ ಮಂಗ ಅಲ್ಲ!" ಎಂದು ಕೂಗಿದೆ.

ಹಿಂದೆಯೇ ಬಂದ ಹೆಂಡತಿ ನನ್ನ ಕಾಲಬುಡ ನೋಡಿದಳು. "ಶಬ್ದ ಕೇಳಿದ್ರೆ ಅಲ್ವಾ ಅದು ಹೆದರೂದು? ನೀವು ಟ್ರಿಗರ್ ಎಳೀಲೇ ಇಲ್ಲ. ತುಂಬಿದ ತೋಟಾ ಎಲ್ಲ ಇಲ್ಲೇ ಬಿತ್ತಿದ್ರಿ!"

ಅವಳು ಅವನ್ನು ಹೆಕ್ಕಿ ಸೆರಗಿಗೆ ಹಾಕಿಕೊಳ್ಳುವಷ್ಟರಲ್ಲಿ ಗಡವ ದೂರ ಉರುಳಿದ್ದ ಒಂದು ತೋಟಾ ಎತ್ತಿಕೊಂಡಿತು. ಕಚ್ಚಿ ನೋಡಿತು. ಶೇಂಗಾ ಅಲ್ಲವೆಂದು ಗೊತ್ತಾಗಿ ಸಿಟ್ಟಿನಿಂದ ನನ್ನ ಕಡೆಗೆ ಬೀಸಿ ಎಸೆಯಿತು.

ಆ ದಿನ ನಮ್ಮ ಗದ್ದೆಯಲ್ಲಿ ಹಾರಿದ್ದು ಅದೊಂದೇ. ಅದರ ಗುರಿಯೂ ತಪ್ಪಲಿಲ್ಲ.

ಠಾಣೆಯ ಕ್ಯೂ

ಚುನಾವಣೆ ಬಂದರೆ ಲೈಸೆನ್ಸಿನವರೆಲ್ಲ ಬಂದೂಕನ್ನು ಠಾಣೆಗೆ ಒಪ್ಪಿಸಬೇಕು. ಮತ ಎಣಿಕೆ ಮುಗಿಯುವವರೆಗೆ ಅವು ಅಲ್ಲೇ ಇರುತ್ತವೆ. ಈ ಸಲ ಚುನಾವಣೆ ಬಿದ್ದದ್ದು ಸರಿಯಾಗಿ ಶೇಂಗಾ ಕೀಳುವ ಮುಂಚೆ. ಆದರೂ ನನಗೆ ಆ ಕ್ಯೂ ಎಂದರೆ ಹಬ್ಬ. ಬೇರೆ ಊರುಗಳಲ್ಲಿ ಶಿಕಾರಿಗಳ ಕ್ಲಬ್ಬು ಇರಬಹುದು. ನಮಗೆ ಇರುವುದು ಠಾಣೆಯ ಜಗಲಿಯೇ.

ನನ್ನ ಮುಂದೆ ಪಕ್ಕದ ಗದ್ದೆಯವರು ನಿಂತಿದ್ದರು. ಅಣುಸ್ಥಾವರದ ನೌಕರಿ ಮುಗಿಸಿ, ಮಲ್ಲಾಪುರದ ಕ್ವಾರ್ಟರ್ಸು ಬಿಟ್ಟು ಊರಿಗೆ ಬಂದವರು. ಅವರದೂ ಲಿವರ್ ಬಂದೂಕೇ, ಮಾವ ಕೊಟ್ಟದ್ದು. ನೌಕರಿಯಲ್ಲಿ ಕಲಿತ ಸುರಕ್ಷತೆಯನ್ನು ಗದ್ದೆಗೂ ತಂದಿದ್ದರು.

"ನಾನು ನಿಮ್ಮ ಹಾಗೆ ಚಕ್-ಚಕ್ ಮಾಡೂದಿಲ್ಲ," ಎಂದರು. "ಮೊದಲು ಸೀಟಿ ಊದ್ತೇನೆ. ಆಮೇಲೆ ಎಲ್ಲರ ಕಿವಿಗೆ ಹತ್ತಿ. ಆಮೇಲೆ ಎಲ್ಲರೂ ನನ್ನ ಹಿಂದೆ ಬಂದು ನಿಲ್ಲಬೇಕು ಅಂತ ಆರ್ಡರ್."

"ಆಮೇಲೆ?"

"ಆಮೇಲೆ ಗುರಿ ಹಿಡಿದು ನೋಡ್ತೇನೆ, ಎದುರಿಗೆ ಒಂದೂ ಮಂಗ ಇಲ್ಲ. ತಿರುಗಿದ್ರೆ ಅವೂ ಹಿಂದೆ ಬಂದು ಕೂತಿದ್ದವು."

ನನ್ನ ಹಿಂದೆ ನಿಂತವನು ಭಾವ, ಅಂದರೆ ನನ್ನ ಹೆಂಡತಿಯ ಅಣ್ಣ. ಶಿರವಾಡದಲ್ಲಿ ಮನೆ ಕಟ್ಟಿದರೂ ಗದ್ದೆ ನಮ್ಮೂರಲ್ಲೇ. ಅವನದು ಮದ್ದು ಸುರಿದು, ಚಿಂದಿ ತುರುಕಿ, ಕಬ್ಬಿಣದ ಗಜದಿಂದ ಜಡಿಯುವ ಹಳೇ ಕೋವಿ.

"ನಿಮ್ಮ ಲಿವರ್ ಯಾರಿಗೆ ಬೇಕ ಮಾರಾಯಾ? ನಂದು ಒಂದೇ ಹೊಡೆತ. ಮೊನ್ನೆ ಹೊಡೆದದ್ದಕ್ಕೆ ಶೆಟ್ಟರ ಮರದ ಹಲಸಿನಕಾಯಿ ದೊಪ್ ಅಂತ ಕೆಳಗೆ ಬಂತು!"

"ಗಜ ತೆಗೂಕೆ ಮರ್ತು ಹೊಡೆದ್ಯಲ ಭಾವಾ. ಗಜ ಇನ್ನೂ ಆ ಕಾಯಲ್ಲೇ ಅದೆ ಅಂತಾರೆ."

"ಹೌದು, ಆದ್ರೆ ಶಬ್ದ ಆಯ್ತಲ? ನಿಂದು ಶಬ್ದವೂ ಇಲ್ಲ!"

ತಂಗಿ ಅಣ್ಣನಿಗೆ ಎಲ್ಲ ಹೇಳಿಬಿಟ್ಟಿದ್ದಳು. ನನಗೆ ರೋಷ ಉಕ್ಕಿತು. ಅಜ್ಜ ಒಂದೇ ಕೈಯಲ್ಲಿ ಬಂದೂಕು ಗಿರ್ರನೆ ತಿರುಗಿಸಿ ಲಿವರ್ ಹಾಕುತ್ತಿದ್ದನಂತೆ. "ನೋಡು ಇಲ್ಲಿ," ಎಂದು ಖಾಲಿ ಬಂದೂಕು ತಿರುಗಿಸಿದೆ. ಬಂದೂಕು ಅರ್ಧ ತಿರುಗಿತು, ನಾನು ಪೂರ್ತಿ ತಿರುಗಿದೆ. ನೋಡಿದರೆ ಬೆರಳುಗಳು ಲಿವರಿನ ಬಳೆಯೊಳಗೆ ಗಟ್ಟಿಯಾಗಿ ಕಚ್ಚಿಕೊಂಡಿದ್ದವು. ಭಾವ ಎಳೆದ. ಪಕ್ಕದ ಗದ್ದೆಯವರು ಮೊದಲು ಸೀಟಿ ಊದಿ ಆಮೇಲೆ ಎಳೆದರು. ಬರಲಿಲ್ಲ. ಅಷ್ಟರಲ್ಲಿ ನನ್ನ ಸರದಿ ಬಂತು.

ಹವಾಲ್ದಾರರು ನನ್ನನ್ನೂ ಬಂದೂಕನ್ನೂ ಒಟ್ಟಿಗೇ ನೋಡಿದರು. "ಬಂದೂಕು ಇಟ್ಕಂತೇವೆ. ನಿಮ್ಮನ್ನೂ ಇಟ್ಕಣೂಕೆ ಜಾಗ ಅದೆ, ಆದ್ರೆ ಊಟದ್ದೇ ತೊಂದ್ರೆ."

ಕೊನೆಗೆ ಕೊಬ್ಬರಿ ಎಣ್ಣೆ ತರಿಸಿ ನಮ್ಮಿಬ್ಬರನ್ನು ಬೇರೆ ಮಾಡಿದರು.

ಬಂದೂಕಿಲ್ಲದ ಗದ್ದೆ

ಬಂದೂಕಿಲ್ಲದ ಸುದ್ದಿ ಮಂಗಗಳಿಗೆ ಯಾರು ಹೇಳಿದರೋ, ಮರುದಿನವೇ ಇಡೀ ದಂಡು ಬಂತು. ನಾನು ಕೈ ಬೀಸಿದೆ. ಗಡವವೂ ಕೈ ಬೀಸಿತು. ಶೇಂಗಾ ಹೋಯಿತು, ಅದರ ಹಿಂದೆ ಅಜ್ಜನ ಬಂದೂಕೂ ಹೋಯಿತು ಎಂದು ತಲೆ ಮೇಲೆ ಕೈ ಹೊತ್ತು ಹಾಳಿಯ ಮೇಲೆ ಕೂತೆ.

ಹೆಂಡತಿ ನೇರ ಹಿತ್ತಿಲಿಗೆ ಹೋದಳು. ಬಾಳೆ ಎಲೆಯ ದಪ್ಪ ದಂಟೊಂದನ್ನು ಕತ್ತರಿಸಿ, ಮೇಲ್ಗಡೆ ಸಾಲಾಗಿ ಸೀಳಿ, ಸೀಳುಗಳನ್ನು ಎಬ್ಬಿಸಿ ನಿಲ್ಲಿಸಿದಳು. ಮಕ್ಕಳು ಆಡುವ ಬಂದೂಕು ಅದು. ಅಂಗೈಯನ್ನು ಮೇಲಿಂದ ಒಂದೇ ಸಲ ಸವರಿದಳು ನೋಡಿ, ಪಟಪಟಪಟ! ಮಂಗಗಳು ಗೇರುಮರಗಳ ಬೇಣ ದಾಟಿ ಗುಡ್ಡದಾಚೆ ಹೋಗಿ ನಿಂತವು. ಶೇಂಗಾ ಕಿತ್ತು ಒಣಗಿಸುವವರೆಗೆ ಅವಳು ದಿನಾ ಒಂದು ಹೊಸ ದಂಟು ಕಡಿದಳು. ನನ್ನ ಡ್ಯೂಟಿ ಅದನ್ನು ಗದ್ದೆಯವರೆಗೆ ಹೊರುವುದು.

ಮತ ಎಣಿಕೆ ಮುಗಿದ ಮೇಲೆ ಬಂದೂಕು ತರಲು ಹೊರಟರೆ ಅವಳೂ ಜೊತೆಗೆ ಬಂದಳು. ಅದೇ ಕ್ಯೂ, ಅದೇ ಜನ. ಹವಾಲ್ದಾರರು ಬಂದೂಕು ಮೇಜಿನ ಮೇಲಿಟ್ಟು ಕೇಳಿದರು, "ಏನು, ಇದಿಲ್ದೆ ಬೆಳೆ ಉಳೀತಾ?"

ಉಳಿಯಿತು ಎಂದರೆ, ಹಾಗಾದರೆ ಬಂದೂಕು ಯಾಕೆ ಎಂದು ಇವರು ಕೇಳುತ್ತಾರೆ. ಉಳಿಯಲಿಲ್ಲ ಎಂದರೆ ಪಕ್ಕದಲ್ಲೇ ಹೆಂಡತಿ ನಿಂತಿದ್ದಾಳೆ. ನಾನು ಚಾವಣಿಯ ಫ್ಯಾನು ನೋಡಿದೆ.

ಅವಳೇ ಮುಂದೆ ಬಂದಳು. "ಉಳೀತು ಸಾಹೇಬ್ರೆ, ಬಾಳೆ ದಂಟಲ್ಲಿ. ಆದ್ರೂ ಬಂದೂಕು ಕೊಟ್ಬಿಡಿ."

"ಯಾಕಮ್ಮಾ ಮತ್ತೆ?"

"ಅದು ಮನೇಲಿದ್ರೆ ಇವರು ಒರೆಸ್ತಾ ಒಂದು ಕಡೆ ಕೂತ್ಕಂತಾರೆ. ಇಲ್ಲದಿದ್ರೆ ಮಂಗ ಓಡಿಸೂಕೆ ನನ್ನ ಹಿಂದೆ ಬತ್ತಾರೆ. ಇವರನ್ನ ನೋಡಿದ್ರೆ ಓಡಿದ ಮಂಗವೂ ತಿರುಗಿ ಬತ್ತದೆ."

ಹವಾಲ್ದಾರರು ನಗು ತಡೆಯಲಾರದೆ ಬಂದೂಕನ್ನು ನನ್ನ ಕಡೆ ಸರಿಸಿದರು. ನಾನು ಗೆದ್ದವನಂತೆ ಎದೆಯುಬ್ಬಿಸಿ, ಅಜ್ಜನ ಬಂದೂಕು ಹೆಗಲಿಗೇರಿಸಿ ಜಗಲಿಗೆ ಬಂದೆ. ಶಿಕಾರಿಗಳೆಲ್ಲ ಗೌರವದಿಂದ ಎದ್ದು ನಿಂತರು. ಎಲ್ಲರೂ ನನ್ನನ್ನು ದಾಟಿ ನನ್ನ ಹೆಂಡತಿಯ ಸುತ್ತ ಸೇರಿದರು.

"ತಂಗೀ," ಭಾವ ದನಿ ತಗ್ಗಿಸಿ ಕೇಳುತ್ತಿದ್ದ, "ಆ ದಂಟು ಒಂದು ಸಲ ತುಂಬಿದ್ರೆ ಎಷ್ಟು ಹೊಡೀತದೆ?"