ಕಾಕಾನ ಸೀನಿನ ಗಡಿ

ನಾಯಿಯ ಚಿತ್ರ ನೋಡಿದರೂ ಸೀನುವ ಮನುಷ್ಯರು ಇಡೀ ಸವಣೂರಿನಲ್ಲಿ ಒಬ್ಬರೇ. ಅವರು ನಮ್ಮ ಕಾಕಾ. ಉತ್ಪ್ರೇಕ್ಷೆ ಎನ್ನುತ್ತೀರಾ? ಒಮ್ಮೆ ಅವರ ಮನೆಯ ಗೋಡೆಗೆ ನಾಯಿಮರಿಯ ಚಿತ್ರವಿದ್ದ ಕ್ಯಾಲೆಂಡರು ಬಂತು. ಜನವರಿ ಮುಗಿಯುವುದರೊಳಗೆ ಅದು ಅಟ್ಟ ಸೇರಿತು. ಮೂಗು ತಡೆಯಲಿಲ್ಲವಂತೆ!

ನಮ್ಮ ಮನೆತನದಲ್ಲಿ ಒಂದು ಪದ್ಧತಿ ಇದೆ. ಯಾರಾದರೂ ಹೊರಟಾಗ ಒಂಟಿ ಸೀನು ಬಿದ್ದರೆ ಹೊರಟವರು ಸ್ವಲ್ಪ ಹೊತ್ತು ಕೂತು, ನೀರು ಕುಡಿದು ಹೋಗಬೇಕು. ಹೀಗಾಗಿ ಕಾಕಾನ ಮನೆಗೆ ಬಂದ ನೆಂಟರು ಹೊರಡುವ ದಿನ ಮೊದಲನೆಯ ಬಸ್ಸು ಹತ್ತಿದ್ದನ್ನು ನಾನಂತೂ ಕಂಡಿಲ್ಲ.

ಇಂಥ ಕಾಕಾ ಅರವತ್ತೆರಡನೇ ವಯಸ್ಸಿಗೆ ಮನೆಯಲ್ಲೊಂದು ನಾಯಿ ಸಾಕಲೇಬೇಕೆಂದು ಹಟ ಹಿಡಿದರು! ಅದೂ ಯಾವಾಗ? ಅವರ ಹೆಂಡತಿ, ನಮ್ಮ ಕಾಕು, ಬಚ್ಚಲಿನಲ್ಲಿ ಜಾರಿ ಬಿದ್ದು, ಬಲಗೈ ಮುರಿದುಕೊಂಡು, ಪ್ಲಾಸ್ಟರ್ ಹಾಕಿಸಿಕೊಂಡು ಕೂತಿದ್ದ ತಿಂಗಳಲ್ಲಿ. ಬರೀ ಸೀನಾಗಿದ್ದರೆ ನಕ್ಕು ಬಿಡಬಹುದಿತ್ತು. ನಾಯಿ ಹತ್ತಿರ ಬಂದರೆ ಕಾಕಾನ ಎದೆಯಲ್ಲಿ ಪೀಪಿ ಊದಿದಂತೆ ಸದ್ದಾಗುತ್ತದೆ, ಜೇಬಿನಿಂದ ಇನ್ಹೇಲರ್ ತೆಗೆಯಬೇಕಾಗುತ್ತದೆ. ಅಲರ್ಜಿ ಆಗದ ಜಾತಿಯ ನಾಯಿ ಎಂಬುದೇ ಇಲ್ಲ, ತೊಂದರೆ ಕೂದಲಿನಲ್ಲಷ್ಟೇ ಅಲ್ಲ, ಜೊಲ್ಲಿನಲ್ಲೂ ಚರ್ಮದ ಹೊಟ್ಟಿನಲ್ಲೂ ಇರುತ್ತದೆ, ನಿಮ್ಮ ಉಸಿರಿನ ಜೊತೆ ಆಟವಾಡಬೇಡಿ ಎಂದು ಡಾಕ್ಟರು ಬಿಡಿಸಿ ಹೇಳಿದರು. ಕೊನೆಗೆ, ಒಂದೊಂದು ನಾಯಿ ಒಂದೊಂದು ನಮೂನೆ ಎಂಬ ಮಾತನ್ನೂ ಸೇರಿಸಿದರು. ಕಾಕಾನ ಕಿವಿಗೆ ಬಿದ್ದದ್ದು ಈ ಕೊನೆಯ ಮಾತು ಮಾತ್ರ. ಹಾಗಾದರೆ ತನ್ನ ಮೂಗಿಗೆ ಒಗ್ಗುವ ನಾಯಿ ಎಲ್ಲೋ ಒಂದು ಇರಲೇಬೇಕಲ್ಲ?

ಕಾಕಾ ಸರ್ವೇ ಇಲಾಖೆಯಲ್ಲಿ ಹೊಲಗಳ ಗಡಿ ಅಳೆದು ನಿವೃತ್ತರಾದವರು. ಅಳೆಯದೆ ದೇವರನ್ನೂ ನಂಬುವವರಲ್ಲ. ನಾಯಿಯ ಪರೀಕ್ಷೆಗೂ ಒಂದು ವಿಧಾನ ಕಂಡುಹಿಡಿದರು. ನಾಯಿಯನ್ನು ಕಂಬಕ್ಕೆ ಕಟ್ಟಬೇಕು. ಮೂವತ್ತು ಅಡಿ ದೂರದಿಂದ ಇವರು ಒಂದೊಂದೇ ಹೆಜ್ಜೆ ಹತ್ತಿರ ಬರುತ್ತಾರೆ. ಮೊದಲ ಸೀನು ಬಿದ್ದ ಜಾಗದಲ್ಲಿ ಒಂದು ಕಲ್ಲು ನೆಟ್ಟು ಟೇಪು ಹಿಡಿಯುವುದು. ಅದು ಆ ನಾಯಿಯ ಗಡಿ! ಟೇಪಿನ ಒಂದು ತುದಿ ಕಾಕಾನ ಕೈಯಲ್ಲಿ, ಇನ್ನೊಂದು ತುದಿ ಹಾನಗಲ್ಲಿನ ಕಾಲೇಜಿನಲ್ಲಿ ಪಾಠ ಹೇಳುವ ಈ ಬಡಪಾಯಿಯ ಕೈಯಲ್ಲಿ. ಅಂದರೆ ನಾಯಿ ಇರುವ ಕಡೆ.

ಮೊದಲು ರಟ್ಟೀಹಳ್ಳಿಯ ಹತ್ತಿರದ ಒಬ್ಬ ರೈತರ ತೋಟಕ್ಕೆ ಹೋದೆವು. ಅಲ್ಲಿ ಮುಧೋಳ ನಾಯಿ ಇತ್ತು. ಮೈಮೇಲೆ ಕೂದಲೇ ಕಾಣದಂಥ ನಾಯಿ, ಇದಕ್ಕೆ ಸೀನು ಬರಲು ಸಾಧ್ಯವೇ ಇಲ್ಲ ಎಂಬುದು ಕಾಕಾನ ಲೆಕ್ಕ. ಹನ್ನೊಂದು ಅಡಿಗೆ ಬಂತು. ಕಾಕಾ ಬಗ್ಗಿ ಕಲ್ಲು ನೆಡುವುದನ್ನು ಪಕ್ಕದ ಹೊಲದವರು ನೋಡಿದರು. ಟೇಪು, ಕಲ್ಲು, ಕನ್ನಡಕದ ಸಾಹೇಬರು! ಓಡೋಡಿ ಬಂದರು.

"ಸಾಹೇಬ್ರ, ಗಡಿ ಅಲ್ಲಿ ಬರಂಗಿಲ್ರಿ. ಇವ್ರು ನಮ್ಮ ಬದು ಒತ್ತಾಕತ್ತಾರ."

ಇದು ಹೊಲದ ಗಡಿಯಲ್ಲ, ಸೀನಿನ ಗಡಿ ಎಂದು ನಾನು ಹೇಳಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಜಗಳ ಬಿಡಿಸುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಹೊರಡುವ ಮುಂಚೆ ಕಾಕಾ ಸುಮ್ಮನಿರಲಾರದೆ ಅವರ ಬದುವನ್ನೂ ಅಳೆದು ಕೊಟ್ಟರು.

ಇತ್ತ ಮನೆಯಲ್ಲಿ ನಾಯಿಗೆ ಎಲ್ಲರಿಗಿಂತ ಹೆಚ್ಚು ವಿರೋಧ ಕಾಕುವಿನದು. ಇರದೇ ಇದ್ದೀತೇ ಮತ್ತೆ? ನಮ್ಮ ಬಳಗದಲ್ಲಿ ಅವರಷ್ಟು ಮಡಿವಂತರು ಇನ್ನೊಬ್ಬರಿಲ್ಲ. ಮುಂಜಾನೆಯ ಸ್ನಾನ ಎಲ್ಲರೂ ಮಾಡುತ್ತಾರೆ. ಕಾಕು ಸಂಜೆಯೂ ಹಿತ್ತಲಿನ ಬಚ್ಚಲಿನಲ್ಲಿ ತಣ್ಣೀರು ಹೊಯ್ದುಕೊಂಡು, ಸೀರೆ ಬದಲಿಸಿಯೇ ಒಳಗೆ ಬರುವವರು. ಮಾಘದ ಚಳಿಯಲ್ಲೂ ತಪ್ಪಿಸಿದವರಲ್ಲ. ಈ ಎರಡನೇ ಸ್ನಾನದ ಕೀರ್ತಿಯನ್ನು ಕಾಕಾ ಎಲ್ಲ ಮದುವೆ ಮುಂಜಿಗಳಲ್ಲೂ ಸಾರಿದ್ದರು. ಅದನ್ನು ಕೇಳಿ ನಮ್ಮ ಅವ್ವ ಮನೆಯ ಸೊಸೆಯಂದಿರಿಗೆಲ್ಲ "ನೋಡಿ ಕಲೀರಿ" ಎಂದು ಬೈದದ್ದೆಷ್ಟು! ಕಾಕು ಬಿದ್ದು ಕೈ ಮುರಿದುಕೊಂಡದ್ದೂ ಆ ಸಂಜೆಯ ಸ್ನಾನದಲ್ಲೇ.

ಮುಂದಿನ ಭಾನುವಾರ ಶಿಗ್ಗಾವಿಗೆ ಹೋದೆವು. ಪರಿಚಯದ ಬ್ಯಾಂಕ್ ಅಧಿಕಾರಿಯೊಬ್ಬರ ಮನೆಯಲ್ಲಿ ಪೂಡಲ್ ಎಂಬ ಗುಂಗುರು ಕೂದಲಿನ ನಾಯಿ. ಅದರ ಕೂದಲು ಉದುರುವುದೇ ಕಡಿಮೆಯಂತೆ. ಹತ್ತು ಅಡಿ, ಏಳು ಅಡಿ, ಐದು ಅಡಿ. ಸೀನಿಲ್ಲ! ನಾಲ್ಕು ಅಡಿಗೆ ಒಂದೇ ಒಂದು ಸೀನು. ಕಾಕಾನ ಮುಖ ಅರಳಿತು. ನಾಯಿಗೂ ಖುಷಿಯಾಗಿರಬೇಕು, ಹಗ್ಗ ಬಿಡಿಸಿಕೊಂಡು ನೇರವಾಗಿ ಅವರ ಮೇಲೆ ಹಾರಿ ಮುಖವೆಲ್ಲ ನೆಕ್ಕಿತು. ಆಮೇಲಿನ ಸೀನುಗಳನ್ನು ನಾನು ಎಣಿಸಲಿಲ್ಲ. ಜೇಬು ತಡಕಿ ಇನ್ಹೇಲರ್ ತೆಗೆದು ಮೇಲಿಂದ ಮೇಲೆ ಎಳೆದುಕೊಂಡರು. ನನಗೆ ನಿಜಕ್ಕೂ ಹೆದರಿಕೆಯಾಯಿತು.

ಮರಳುವಾಗ ಬಂಕಾಪುರದಲ್ಲಿ ಚಹಾಕ್ಕೆ ನಿಂತೆವು. ನನಗೆ ಸಿಟ್ಟು ಬಂದಿತ್ತು. ಜೀವಕ್ಕಿಂತ ನಾಯಿ ಹೆಚ್ಚಾಯಿತೇ ಎಂದು ಕೇಳಿಯೇಬಿಟ್ಟೆ. ಕಾಕಾ ಕನ್ನಡಕ ತೆಗೆದು ಒರೆಸಿಕೊಂಡರು.

ಕಾಕು ಬಿದ್ದ ಮರುದಿನ ಸಂಜೆ ಹಿತ್ತಲಿನ ಬಾಗಿಲನ್ನು ಯಾರೋ ಕೆರೆದಂತಾಯಿತಂತೆ. ತೆಗೆದರೆ ಕೆಂದ ಬಣ್ಣದ ಒಂದು ಬೀದಿನಾಯಿ. ಅದು ಇವರನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ, ಇವರ ಬೆನ್ನ ಹಿಂದೆ ಯಾರನ್ನೋ ಹುಡುಕಿತಂತೆ. ಬಚ್ಚಲಿನ ಗೂಟಕ್ಕೆ ಕಾಕು ಬಿಚ್ಚಿಟ್ಟ ಹಳೆಯ ಸೀರೆ ನೇತಾಡುತ್ತಿತ್ತು. ಕಾಕಾ ಅದನ್ನು ಕೈಗೆತ್ತಿಕೊಂಡರು. ಸಾಲಾಗಿ ಏಳು ಸೀನು ಬಂದವು.

ಕಾಕುವಿನ ತವರು ತಿಳವಳ್ಳಿಯ ಮನೆಯಲ್ಲಿ ತಾವು ಉಣ್ಣುವ ಮೊದಲು ನಾಯಿಗೆ ರೊಟ್ಟಿ ಹಾಕುತ್ತಿದ್ದರೆಂದು ನಾನು ಕೇಳಿದ್ದೆ. ಮದುವೆಯಾಗಿ ಬಂದಮೇಲೆ ಅವರು ಹಿತ್ತಲಿನಾಚೆ ಈ ನಾಯಿಯನ್ನು, ಇದಕ್ಕೂ ಮೊದಲು ಇದರ ತಾಯಿಯನ್ನು, ಅದಕ್ಕೂ ಮೊದಲು ಅದರ ತಾಯಿಯನ್ನು ತೊಡೆಯ ಮೇಲೆ ಹಾಕಿಕೊಂಡು ರೊಟ್ಟಿ ತಿನ್ನಿಸುತ್ತಿದ್ದರೆಂದು ಹಿಂದಿನ ಮನೆಯವರು ಕಾಕಾನಿಗೆ ಹೇಳಿದರಂತೆ.

"ಮೂವತ್ನಾಲ್ಕು ವರ್ಷ ನಾ ಆಕಿ ಮಡಿ ಮಡಿ ಅಂತ ಊರೆಲ್ಲಾ ಹೇಳಿಕೋತ ಬಂದೆ," ಎಂದರು ಕಾಕಾ. "ಆಕಿ ನನ್ನ ಮೂಗಿನ ಸಲುವಾಗಿ ತಣ್ಣೀರಾಗ ನಿಂತಿದ್ಲು, ತಮ್ಮಾ."

ಚಹಾ ಆರಿಹೋಗಿತ್ತು.

ಆಮೇಲೆ ಕಾಕಾ ಜಾತಿ ಹುಡುಕುವುದನ್ನು ಬಿಟ್ಟರು. ಕೆಂದ ನಾಯಿಯನ್ನೇ ಕರೆದು ಹಿತ್ತಲಿನಲ್ಲಿ ಅಳೆದರು. ಗಡಿ ಒಂಬತ್ತು ಅಡಿ. ಡಾಕ್ಟರನ್ನು ಕೇಳಿ, ಮನೆಯ ನಕಾಶೆ ಬರೆದು, ಹಿತ್ತಲು ಮತ್ತು ಹಿಂದಿನ ಪಡಸಾಲೆ ನಾಯಿಗೆ, ಉಳಿದದ್ದು ತಮ್ಮ ಮೂಗಿಗೆ ಎಂದು ಹಂಚಿದರು. ನಾಯಿ ಇರುವ ಜಾಗದಿಂದ ಒಂಬತ್ತು ಅಡಿಗೆ ಒಂದು ಕಲ್ಲು ನೆಟ್ಟು, ಅದರ ಈಚೆಗೆ ತಮ್ಮ ಕುರ್ಚಿ ಹಾಕಿಕೊಂಡರು. ಕಾಕುವಿಗೆ ಮಾತ್ರ, ಬೀದಿನಾಯಿ ಪಾಪ, ಇರಲಿ ಎಂದಷ್ಟೇ ಹೇಳಿದ್ದರು.

ಪ್ಲಾಸ್ಟರ್ ಬಿಚ್ಚಿದ ದಿನ ನಾನೂ ಅಲ್ಲಿದ್ದೆ. ಸಂಜೆ ಕಾಕು ಪಡಸಾಲೆಯಲ್ಲಿ ನಾಯಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ರೊಟ್ಟಿ ತಿನ್ನಿಸಿದರು. ಆಮೇಲೆ ಎದ್ದು, ಟವೆಲ್ಲು ಹೆಗಲಿಗೆ ಹಾಕಿಕೊಂಡು ಬಚ್ಚಲಿನ ಕಡೆ ಹೊರಟರು.

ಕಾಕಾ ಸೀನಿದರು. ಒಂದೇ ಸೀನು.

"ನಾ ಸೀನಿದೆ. ಹೊಂಟಾಕಿ ಕೂಡಬೇಕು," ಎಂದರು.

ಕಾಕು ಕಲ್ಲಿನ ಕಡೆ ನೋಡಿದರು. ನಾಯಿ ಅದರಾಚೆ ಮೂಲೆಯಲ್ಲಿ ಮಲಗಿತ್ತು, ಏನಿಲ್ಲವೆಂದರೂ ಹದಿನೈದು ಅಡಿ ದೂರ. ಆಮೇಲೆ ಅವರು ಗಂಡನ ಮುಖವನ್ನು ಬಹಳ ಹೊತ್ತು ನೋಡಿದರು. ಟವೆಲ್ಲಿನ ತುದಿಯಿಂದ ಕಣ್ಣು ಒರೆಸಿಕೊಂಡು, ಮರಳಿ ಬಂದು, ಕಲ್ಲಿನಾಚೆ ಅದೇ ಸೀರೆಯಲ್ಲೇ ಕೂತರು. ನಾನು ಒಳಗೆ ಹೋಗಿ ಇಬ್ಬರಿಗೂ ನೀರು ತಂದುಕೊಟ್ಟೆ.