ಸಿಗ್ನಲ್ ಸಿಗುವ ಒಂದೇ ಜಾಗ

"ಹೊಸ ಲಿನಕ್ಸ್ ಬಂದಿದೆ, ಹಾಕಿಕೊಳ್ಳಲೇ?" ಎಂದು ಶಾಲೆಯ ಕಂಪ್ಯೂಟರ್ ಬೆಳಿಗ್ಗೆ ಬಲು ವಿನಯದಿಂದ ಕೇಳಿತು. ವಿಶ್ವಂಭರನ್ ಮಾಷ್ ಹೂಂ ಎಂದುಬಿಟ್ಟರು. ಲೆಕ್ಕದ ಮೇಷ್ಟ್ರು, ಪಾಪ, ಯಾರಿಗೂ ಇಲ್ಲ ಎನ್ನುವ ಸ್ವಭಾವದವರೇ ಅಲ್ಲ. ಯಂತ್ರ ಮಲಗಿ ಎದ್ದಾಗ ಅದನ್ನು ನಡೆಸುವ ಹೊಸ ಲಿನಕ್ಸೇನೋ ಬಂದಿತ್ತು, ವೈಫೈ ಹೋಗಿತ್ತು. ವೈಫೈ ಕಾರ್ಡನ್ನು ದುಡಿಸುವ ಡ್ರೈವರ್ ಎಂಬ ತಂತ್ರಾಂಶ ಹಳೆಯ ಲಿನಕ್ಸಿಗೆ ಮಾತ್ರ ಹೊಂದುತ್ತಿತ್ತಂತೆ.

ಅಂದು ಓಣಂ ರಜೆ ಶುರುವಾಗುವ ದಿನ. ಎಲ್ಲ ತರಗತಿಗಳ ಅಂಕ ಇಲಾಖೆಗೆ ಅದೊಂದೇ ಯಂತ್ರದಿಂದ ಹೋಗಬೇಕು; ಶಾಲೆಯ ವೈಫೈ ಬೇರೆ ಯಾವ ಯಂತ್ರಕ್ಕೂ, ಫೋನಿಗೂ ಸಿಗದಂತೆ ಇಲಾಖೆಯವರು ಬೀಗ ಹಾಕಿದ್ದರು.

"ಅಂಕ ಕಳಿಸದೆ ಯಾರೂ ಗೇಟು ದಾಟೋ ಹಾಗಿಲ್ಲ" ಎಂದರು ಹೆಡ್‌ಮಿಸ್ಟ್ರೆಸ್ ತ್ರೇಸ್ಯಾಮ್ಮ ಟೀಚರ್.

ಮಾಷ್ ನಾಲ್ಕರ ಬಸ್ಸು ಹಿಡಿಯಲೇಬೇಕಿತ್ತು. ಹೆಂಡತಿ ರಾಧಾಮಣಿ ಆಗಲೇ ತವರು ಸೇರಿದ್ದಳು. ಹೋದ ಓಣಂಗೆ ಇವರು ತಡವಾಗಿ ಹೋದಾಗ ಅತ್ತೆ, "ಅಳಿಯಂದಿರಿಗೆ ಬೇರೆ ಎಲ್ಲೋ ಹಬ್ಬ ಇತ್ತೇನೋ" ಎಂದಿದ್ದರು. ಆ ಮಾತು ಇನ್ನೂ ಚುಚ್ಚುತ್ತಿತ್ತು.

"ಇಂಟರ್‌ನೆಟ್ ಬರಬೇಕಾದ್ರೆ ಡ್ರೈವರ್ ಬೇಕು. ಡ್ರೈವರ್ ತರಬೇಕಾದ್ರೆ ಇಂಟರ್‌ನೆಟ್ ಬೇಕು" ಎಂದು ಮಾಷ್ ತಲೆ ಮೇಲೆ ಕೈ ಹೊತ್ತರು.

"ಮೊಬೈಲಿಗೆ ಇಳಿಸ್ಕೊಂಡು ಬನ್ನಿ ಮಾಷೇ. ಸಿಗ್ನಲ್ ಎಲ್ಲಿ ಸಿಗುತ್ತೆ ಅಂತ ಗೊತ್ತಲ್ಲ" ಎಂದು ಡ್ರಿಲ್ ಮಾಷ್ ಶಾಜಿ ಮೀಸೆಯಲ್ಲೇ ನಕ್ಕರು.

ಆ ಕಣಿವೆಯಲ್ಲಿ ಸಿಗ್ನಲ್ ಸಿಗುವುದು ಒಂದೇ ಕಡೆ: ಊರಿಗೆಲ್ಲ ಅಣ್ಣನಾದ ಕೊಚ್ಚಪ್ಪಿ ಚೇಟನ ಹೆಂಡದಂಗಡಿಯ ಮುಂದೆ. ಮಾಷ್ ಹುಟ್ಟಿದ ಮೇಲೆ ಹೆಂಡ ಮುಟ್ಟಿದವರಲ್ಲ. ಕೊಡೆಯಲ್ಲಿ ಮುಖ ಮರೆಮಾಡಿಕೊಂಡು ಹೋಗಿ ನಿಂತರು. ಸಿಗ್ನಲ್ ಸಿಕ್ಕಿದ್ದೇ ತಡ, ಫೋನು ಬಡಿದುಕೊಂಡಿತು.

"ಎಲ್ಲಿದೀರಿ?" ರಾಧಾಮಣಿ.

"ಶಾಲೇಲಿ."

"ಹಿಂದೆ ಅದ್ಯಾರು ಹಾಡ್ತಿರೋದು?"

"ಪ್ರಾರ್ಥನೆ" ಎಂದರು ಮಾಷ್.

ಇಳಿಸಿಕೊಂಡು ಬಂದ ಫೈಲನ್ನು ಯಂತ್ರಕ್ಕೆ ಉಣಿಸಿದರೆ, ಇನ್ನೊಂದು ಫೈಲು ಬೇಕು ಎಂದಿತು. ಮತ್ತೆ ಹೋದರು. ಮತ್ತೆ ಫೋನು. ಅಷ್ಟರಲ್ಲಿ ಕೊಚ್ಚಪ್ಪಿ ಚೇಟನಿಗೆ ಕನಿಕರ ಉಕ್ಕಿತು.

"ಬಿಸಿಲಲ್ಲಿ ಯಾಕೆ ಮಾಷೇ, ಒಳಗೆ ಬನ್ನಿ. ಮೊದಮೊದಲು ಎಲ್ಲರಿಗೂ ಹೀಗೇ ನಾಚಿಕೆ" ಎಂದು ಊರಿಗೇ ಕೇಳುವಂತೆ ಕರೆದ.

"ಪ್ರಾರ್ಥನೆ ಚೆನ್ನಾಗಿ ನಡೀತಿದೆ" ಎಂದು ರಾಧಾಮಣಿ ಫೋನಿಟ್ಟಳು.

ಮೂರನೆಯ ಸಲ ಹೋಗಿಬಂದ ಮೇಲೆ ವೈಫೈ ಕಣ್ಣುಬಿಟ್ಟಿತು. ಮಾಷ್ ಎದೆ ಉಬ್ಬಿತು. ಸಹೋದ್ಯೋಗಿಗಳು ಬೆನ್ನು ತಟ್ಟಿ, ತಮ್ಮ ತಮ್ಮ ಅಂಕ ಕಳಿಸಿ, ಓಣಂ ಶುಭಾಶಯ ಹೇಳಿ ಹೊರಟರು. ಇವರ ತರಗತಿಯದೊಂದು ಉಳಿದಿತ್ತು. ಬಸ್ಸಿಗಿನ್ನೂ ಹೊತ್ತಿತ್ತು. ಮಾಷ್ ನೆಮ್ಮದಿಯಿಂದ ಮುಖ ತೊಳೆದು ಬಂದರು.

ಯಂತ್ರದ ಮುಂದೆ ತ್ರೇಸ್ಯಾಮ್ಮ ಟೀಚರ್ ಪ್ರೀತಿಯಿಂದ ನಗುತ್ತಾ ನಿಂತಿದ್ದರು.

"ನಿಮಗೆ ಬಸ್ಸಿಗೆ ಹೊತ್ತಾಗುತ್ತೆ ಅಂತ ನಿಮ್ಮ ಕೆಲಸ ನಾನೇ ಮಾಡ್ದೆ ಮಾಷೇ. ಇಂಟರ್‌ನೆಟ್ ಬಂದಿದ್ದೇ ತಡ, ಬೆಳಿಗ್ಗೇದಕ್ಕಿಂತ ಹೊಸ ಲಿನಕ್ಸ್ ಬಂದಿದೆ, ಹಾಕ್ಲಾ ಅಂತ ಕೇಳ್ತು. ಹೂಂ ಅಂದೆ."

ವೈಫೈ ಮತ್ತೆ ಹೋಯಿತು, ಮಾಷ್ ತರಗತಿಯ ಅಂಕ ಹಾಗೇ ಉಳಿಯಿತು. ಮತ್ತೆ ಡ್ರೈವರ್ ಇಳಿಸಲು ಬಂದು ನಿಂತ ಮಾಷ್ ಕಣ್ಣೆದುರೇ ನಾಲ್ಕರ ಬಸ್ಸು ಹೆಂಡದಂಗಡಿ ದಾಟಿ ಹೋಯಿತು. ಕೊಚ್ಚಪ್ಪಿ ಚೇಟ ಈ ಸಲ ಕರೆಯಲೂ ಇಲ್ಲ. ಸುಮ್ಮನೆ ಒಂದು ಸ್ಟೂಲು ತಂದಿಟ್ಟು, ಕೈಗೆ ಬೇಯಿಸಿದ ಮರಗೆಣಸು, ಮೀನುಸಾರಿನ ತಟ್ಟೆ ಕೊಟ್ಟ. ಘಮಕ್ಕೆ ಸೋತು ಮಾಷ್ ಕೂತರು. ಫೋನು ಬಂತು.

"ಬಸ್ ಹತ್ತಿದ್ರಾ?"

ಸುಳ್ಳು ಹೇಳಿ ಹೇಳಿ ಮಾಷ್‌ಗೂ ಸಾಕಾಗಿತ್ತು. "ಇಲ್ಲ ಕಣೇ. ಹೆಂಡದಂಗಡೀಲಿದೀನಿ. ಆದ್ರೆ ಬಂದಿರೋದು ಶಾಲೆ ಕೆಲಸಕ್ಕೆ."

ಆ ಕಡೆ ಒಂದು ನಿಟ್ಟುಸಿರು ಕೇಳಿತು.

"ಅಮ್ಮಾ, ಹೋದ ಓಣಂಗೆ ನೀನು ಹೇಳಿದ್ದೇ ನಿಜ" ಎಂದಳು ರಾಧಾಮಣಿ. "ಈಗ ಒಪ್ಕೊಂಡ್ರು."